ಮಿಡತೆಯ ಪಾಲು

ಸುಮಿತ್ರಾಬಾಯಿಯ ಮನೆಯಲ್ಲಿ ಬಂಗಾರಕ್ಕೆ ಕೀಲಿ ಇರಲಿಲ್ಲ, ಹುಳಗಳ ಊಟಕ್ಕೆ ಇತ್ತು. ಬಂಗಾರ ಅಕ್ಕಿ ಡಬ್ಬಿಯ ತಳದಲ್ಲಿ ಹಳೆಯ ಅರಿವೆಯೊಳಗೆ ಬಿದ್ದಿರುತ್ತಿತ್ತು, ಅದು ಮನೆಯವರಿಗೆಲ್ಲ ಗೊತ್ತು. ಅಡಿಗೆಮನೆಯ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಗೆ ಮಾತ್ರ ಹಿತ್ತಾಳೆಯ ಕೀಲಿ ಜೋತಾಡುತ್ತಿತ್ತು, ಅದರ ಕೀಲಿಕೈ ಸುಮಿತ್ರಾಬಾಯಿಯ ಸೊಂಟದ ಗೊಂಚಲಿನಲ್ಲಿ. ಪೆಟ್ಟಿಗೆಯೊಳಗೆ ಶೇಂಗಾ, ಹುರಿಗಡಲೆಯ ಪುಟಾಣಿ, ಒಣ ಖರ್ಜೂರದ ಉತ್ತತ್ತಿ, ಬೆಲ್ಲ. ಅದೆಲ್ಲ ಮಿಡತೆಗಳ ಪಾಲು. ಮಿಡತೆಗಳು ಮೀನಿನ ಪಾಲು. ಇದರಲ್ಲಿ ಸೊಸೆ ಇಂದುಬಾಯಿಯ ಪಾಲು ಎಲ್ಲಿದೆಯೆಂದು ಯಾರೂ ಕೇಳಿರಲಿಲ್ಲ.

ಮೂರು ವರ್ಷದ ಕೆಳಗೆ ಮೀನನ್ನು ತಂದವನು ಸುಮಿತ್ರಾಬಾಯಿಯ ಒಬ್ಬನೇ ಮಗ ಚಂದಪ್ಪ. ಸಿಂದಗಿಯ ಬಜಾರದಲ್ಲಿ ಅವನದೊಂದು ಅರಿವೆ ಅಂಗಡಿ. ಸೀರೆ ಕೊಳ್ಳಲು ಮುಂಬಯಿಗೆ ಹೋದವನು ಸೀರೆಗಳ ಜೊತೆಗೆ ಒಂದು ಗಾಜಿನ ಪೆಟ್ಟಿಗೆಯನ್ನೂ, ಹಿತ್ತಾಳೆಯ ಕೊಡದಲ್ಲಿ ಒಂದು ಮೀನನ್ನೂ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ಸೊಲ್ಲಾಪುರದವರೆಗೆ, ಅಲ್ಲಿಂದ ಬಸ್ಸಿನಲ್ಲಿ ಮನೆಯವರೆಗೆ ಬಂದಿದ್ದ. ಅಂಗೈಯಗಲದ ಕರಿ ಮೀನು, ಮೈಮೇಲೆ ಕೆಂಡದಂಥ ಕೆಂಪು ಪಟ್ಟೆ. ಅದಕ್ಕೆ ಏನೋ ಇಂಗ್ಲಿಷ್ ಹೆಸರಿತ್ತಂತೆ, ದಾರಿಯಲ್ಲೇ ಮರೆತುಹೋಯಿತು. ಪಡಸಾಲೆಯಲ್ಲಿ ಗಾಜಿನೊಳಗೆ ನಿಂತು ಯಾರನ್ನೂ ಲೆಕ್ಕಕ್ಕೆ ತಗೊಳ್ಳದ ಅದರ ಠೀವಿ ನೋಡಿ ಊರವರು 'ಸಾವ್ಕಾರ' ಎಂದು ಕರೆದರು, ಅದೇ ನಿಂತಿತು. ಸಾವ್ಕಾರ ಬಂದ ವರ್ಷವೇ ಅಂಗಡಿಯ ವ್ಯಾಪಾರ ಏರಿತು. ಮೀನಿಗೆ ಕಾಲಿಲ್ಲ, ಆದರೂ ಅದರ ಕಾಲ್ಗುಣ ದೊಡ್ಡದು ಎಂದು ಚಂದಪ್ಪ ನಂಬಿದ. ಕಾಲಿರುವ ಹೆಂಡತಿಯರ ಕಾಲ್ಗುಣದ ಮೇಲೆ ಅವನಿಗೆ ಅಷ್ಟು ನಂಬಿಕೆ ಬರಲಿಲ್ಲ.

ಹೆಂಡತಿಯರು ಎಂದೆ, ಯಾಕೆಂದರೆ ಇಂದುಬಾಯಿ ಎರಡನೆಯವಳು. ಮೊದಲನೆಯವಳು ಆಲಮೇಲದ ಶೇವಂತೆವ್ವ. ಎರಡು ವರ್ಷದ ಕೆಳಗೆ ಇದೇ ಮನೆಯಲ್ಲಿ ಹೆರಿಗೆಗೆ ಕೂತಳು, ಏಳಲಿಲ್ಲ. ಕೂಸು ಹೊರಗೆ ಬರಲೇ ಇಲ್ಲ, ತಾಯಿಯ ಜೊತೆಗೇ ಮಣ್ಣಿಗೆ ಹೋಯಿತು. ಮರುವರ್ಷ ಹೊರ್ತಿಯಿಂದ ಇಂದುಬಾಯಿಯನ್ನು ತಂದರು. ತಾಯಿಯಿಲ್ಲದ ಹುಡುಗಿ, ಅಣ್ಣನ ಮನೆಯಲ್ಲಿ ಬೆಳೆದವಳು, ಹೆರಿಗೆಗೆ ಹೋಗಲು ತವರೆಂಬುದೊಂದು ಸರಿಯಾಗಿ ಇಲ್ಲದವಳು. ಎಪ್ಪತ್ತಾರನೆಯ ಇಸವಿಯ ಶ್ರಾವಣದಲ್ಲಿ ಅವಳಿಗೆ ಆರು ತಿಂಗಳು ನಡೆದಿತ್ತು.

ಈ ಮೀನು ಜೀವ ಇದ್ದದ್ದನ್ನೇ ತಿನ್ನುತ್ತಿತ್ತು. ಮಾಂಸ ಮುಟ್ಟದ, ತತ್ತಿ ಎಂಬ ಮಾತನ್ನೂ ಹೊಸ್ತಿಲ ಹೊರಗೇ ಆಡಿ ಬರುವ ಮನೆಯಲ್ಲಿ ಅದೊಂದು ದೊಡ್ಡ ಪೇಚು. ಮೊದಮೊದಲು ಹಿತ್ತಲಲ್ಲಿ ಸಿಕ್ಕ ಮಿಡತೆಯನ್ನು ಹಿಡಿದು ಹಾಗೇ ಒಗೆಯುತ್ತಿದ್ದರು. ಮೀನು ನುಂಗುತ್ತಿತ್ತು, ಆದರೆ ಅದರ ಕೆಂಪು ದಿನದಿನಕ್ಕೆ ಮಾಸಿತು. ಆಗ ದಾರಿ ತೋರಿಸಿದವನು ಇಬ್ರಾಹಿಂಸಾಬ. ಕನ್ನೊಳ್ಳಿಯ ಮುದುಕ, ಚಂದಪ್ಪನ ಅಂಗಡಿಯ ಕಟ್ಟೆಯ ಮೇಲೆ ಮಷೀನು ಇಟ್ಟುಕೊಂಡು ಅಂಗಿ ಹೊಲಿಯುತ್ತಿದ್ದ. ಹರೆಯದಲ್ಲಿ ಕಾಳಗದ ಕೌಜುಗ ಹಕ್ಕಿ ಸಾಕಿ ಊರೂರು ತಿರುಗಿದವನು.

"ಮಿಡಚಿ ಅಂದ್ರ ಬರೇ ಒಂದು ಚೀಲ ರೀ ಬಾಯಾರ," ಎಂದಿದ್ದ ಅವನು ಸುಮಿತ್ರಾಬಾಯಿಗೆ. "ತುಂಬಿ ಕೊಟ್ರ ಉಣ್ಣಾವಗ ಕಾಳು ಸಿಗತಾವ. ಖಾಲಿ ಕೊಟ್ರ ಬರೇ ತೊಗಲು. ಎರಡು ದಿನ ಗಡಿಗ್ಯಾಗ ಇಟ್ಟು ಛಲೋತ್ನಂಗ ಉಣಸ್ರಿ, ಆಮ್ಯಾಲ ಮೀನಕ್ಕ ಹಾಕ್ರಿ. ನನ್ನ ಕೌಜುಗ ಹಿಂಗ ತಿಂದಾವು ಅಂತನ ಬಿಜಾಪುರದ ಹಕ್ಕೀನೂ ಓಡಿಸಿದ್ವು."

ಈ ಮಾತು ಸುಮಿತ್ರಾಬಾಯಿಯ ಮನಸ್ಸಿಗೆ ಬೇರೊಂದು ಕಾರಣಕ್ಕೆ ಹಿಡಿಸಿತು. "ಬರೋಬ್ಬರಿ," ಎಂದಳು ಅವಳು. "ಸಾಯೂ ಹುಳಾನೂ ಹಸಿದು ಸಾಯಬಾರದು. ಉಣಿಸಿ ಕಳಸೂದು ನಮ್ಮ ಮನಿ ರೀತಿ." ಅಂದಿನಿಂದ ಇಬ್ರಾಹಿಂಸಾಬ ಕನ್ನೊಳ್ಳಿಯ ಹೊಲದಿಂದ ಮಿಡತೆ ಹಿಡಿದು ತರುವನು. ಹಿಂದಿನ ಪಡಸಾಲೆಯ ಗೋಡೆಯ ಮಾಡದಲ್ಲಿ ಬಾಯಿಗೆ ತೆಳು ಅರಿವೆ ಕಟ್ಟಿದ ಗಡಿಗೆ, ಅದರೊಳಗೆ ಅವುಗಳ ವಾಸ. ದಿನಾ ಮಧ್ಯಾಹ್ನ ಸುಮಿತ್ರಾಬಾಯಿ ಪೆಟ್ಟಿಗೆ ತೆರೆದು ಶೇಂಗಾ, ಪುಟಾಣಿ, ಉತ್ತತ್ತಿ, ಚೂರು ಬೆಲ್ಲ ಹಾಕಿ ಕುಟ್ಟಿ, ಮುಷ್ಟಿಯಲ್ಲಿ ಒತ್ತಿ ಒಂದು ಉಂಡಿ ಕಟ್ಟುವಳು. ನಾಲ್ಕು ಬೆರಳಿನ ಅಚ್ಚು ಅದರ ಮೇಲೆ ಮೂಡಿರುತ್ತಿತ್ತು. ಅದನ್ನು ಒಯ್ದು ಪುಡಿಮಾಡಿ ಗಡಿಗೆಯೊಳಗೆ ಉದುರಿಸುವುದು ಸೊಸೆಯ ಕೆಲಸ.

ಸೊಸೆಗೆ ಮಾತ್ರ ಹೊತ್ತಿಗೆ ಅರ್ಧ ರೊಟ್ಟಿ.

ಇದು ಜಿಪುಣತನವೆಂದು ತಿಳಿದರೆ ಸುಮಿತ್ರಾಬಾಯಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವಳು ಸೊಸೆಗೆ ನೀರು ಹೊರಲು ಬಿಡುತ್ತಿರಲಿಲ್ಲ, ಬೀಸಲು ಬಿಡುತ್ತಿರಲಿಲ್ಲ, ತಾನೇ ಕೂತು ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಊಟದ ತಾಟಿನ ಮುಂದೆ ಮಾತ್ರ ಅವಳ ಮುಖ ಬದಲಾಗುತ್ತಿತ್ತು. ಅವಳ ಅಕ್ಕ ಹೆರಿಗೆಯಲ್ಲಿ ಸತ್ತದ್ದನ್ನು ಹತ್ತು ವರ್ಷದ ಹುಡುಗಿಯಾಗಿ ಬಾಗಿಲ ಸಂದಿಯಿಂದ ನೋಡಿದವಳು ಅವಳು. ಕೂಸು ದೊಡ್ಡದು, ದಾರಿ ಸಣ್ಣದು ಎಂದು ಆಗ ಹಿರಿಯ ಹೆಂಗಸರು ಆಡಿಕೊಂಡ ಮಾತು ಅವಳ ಕಿವಿಯಲ್ಲಿ ಐವತ್ತು ವರ್ಷದಿಂದ ಕೂತಿತ್ತು.

"ಬಸುರ್ಯಾಗ ಹೊಟ್ಟಿ ತುಂಬ ಉಂಡ್ರ ಕೂಸು ಬೆಳದು ಹಾದಿ ಕಟ್ಟತೈತಿ, ಇಂದವ್ವ," ಎನ್ನುವಳು ಎಣ್ಣೆ ಹಚ್ಚುತ್ತ. "ಕೂಸು ಸಣ್ಣದಿರಲಿ. ಹೊರಗ ಬಂದ ಮ್ಯಾಲ ಬೆಳಸೂಣಂತ. ಶೇವಂತಿ ಮಾತು ಕೇಳಲಿಲ್ಲ. ಕದ್ದು ತಿಂದಳು. ಹೋದಳು."

ಕದ್ದು ತಿಂದಳು, ಹೋದಳು. ಈ ಎರಡು ಮಾತು ಇಂದುಬಾಯಿಯ ಎದೆಯಲ್ಲಿ ಮುಳ್ಳಿನಂತೆ ನೆಟ್ಟುಬಿಟ್ಟವು. ಅವಳಿಗೆ ಸಾಯುವ ಭಯವಿತ್ತು. ಶೇವಂತೆವ್ವ ಮಲಗಿದ್ದ ಕೋಣೆಯಲ್ಲೇ ಅವಳೂ ಮಲಗುತ್ತಿದ್ದಳು, ಅದೇ ಜಂತಿಗಳನ್ನು ಎಣಿಸುತ್ತಿದ್ದಳು. ಹಸಿವಾದಾಗ ನೀರು ಕುಡಿಯುತ್ತಿದ್ದಳು. ಎದ್ದರೆ ಕಣ್ಣಿಗೆ ಕತ್ತಲೆ ಬರುತ್ತಿತ್ತು, ಗೋಡೆ ಹಿಡಿದು ನಿಲ್ಲುತ್ತಿದ್ದಳು. ಉಗುರುಗಳು ಸುಣ್ಣದಂತೆ ಬೆಳ್ಳಗಾಗಿದ್ದವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗೆ ಪಡಸಾಲೆಯಲ್ಲಿ ಸಾವ್ಕಾರ ಮಾತ್ರ ಮಿರಿಮಿರಿ ಮಿಂಚುತ್ತಿತ್ತು. ಅವಳು ಮಿಡತೆ ಹಾಕಲು ಹೋದಾಗ ಅದು ಗಾಜಿನ ಹತ್ತಿರ ಬಂದು, ರೆಪ್ಪೆಯಿಲ್ಲದ ಕಣ್ಣಿನಿಂದ ಅವಳನ್ನೇ ನೋಡುತ್ತಿತ್ತು. ಶೇವಂತೆವ್ವನನ್ನೂ ಇದು ಹೀಗೇ ನೋಡಿರಬೇಕು ಎಂದುಕೊಂಡರೆ ಅವಳ ಕೈಯಿಂದ ಮಿಡತೆ ಜಾರುತ್ತಿತ್ತು.

ಒಂದು ದಿನ ಬೆಳಗಿನಿಂದ ಹೊಟ್ಟೆಯೊಳಗಿನ ಕೂಸು ಮಿಸುಕಲಿಲ್ಲ.

ಇಂದುಬಾಯಿ ಎಡಕ್ಕೆ ಮಲಗಿದಳು, ಬಲಕ್ಕೆ ಮಲಗಿದಳು, ಹೊಟ್ಟೆಯ ಮೇಲೆ ಅಂಗೈಯಿಟ್ಟು ಕಾದಳು. ಏನೂ ಇಲ್ಲ. ಯಾರಿಗೆ ಹೇಳುವುದು? ಚಂದಪ್ಪ ಅಂಗಡಿಯಲ್ಲಿ. ಅತ್ತೆಗೆ ಹೇಳಿದರೆ ಏನು ಹೇಳುತ್ತಾಳೋ, ಆ ಅರ್ಧ ರೊಟ್ಟಿಯೂ ತಪ್ಪೀತೋ. ಮಧ್ಯಾಹ್ನ ಎಂದಿನಂತೆ ಉಂಡಿ ಕೈಗೆ ಬಂತು. ಹಿಂದಿನ ಪಡಸಾಲೆಗೆ ಹೋಗಿ ಗಡಿಗೆಯ ಮುಂದೆ ಕೂತಳು. ಕುಟ್ಟಿದ ಉತ್ತತ್ತಿಯ ವಾಸನೆ ಮೂಗಿಗೆ ಬಡಿಯಿತು. ಒಳಗೆ ಮಿಡತೆಗಳು ಪರಪರ ಅರಿವೆ ಕೆರೆಯುತ್ತಿದ್ದವು. ಖಾಲಿ ಕೊಟ್ರ ಬರೇ ತೊಗಲು ಎಂದಿದ್ದನಲ್ಲ ಇಬ್ರಾಹಿಂಸಾಬ, ಆ ಮಾತು ನೆನಪಾಯಿತು. ತಾನು ಖಾಲಿ. ತನ್ನೊಳಗೆ ಕೂತು ಉಣ್ಣುವುದಕ್ಕೆ ಏನು ಸಿಗುತ್ತಿದೆ? ಉಂಡರೆ ತಾನು ಸಾಯುತ್ತೇನೆ, ಉಣದಿದ್ದರೆ ಕೂಸು ಸಾಯುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಅಳುತ್ತಲೇ ಉಂಡಿಯ ತುದಿ ಕಚ್ಚಿದಳು, ಆಮೇಲೆ ಪೂರ್ತಿ ತಿಂದಳು. ತುಸು ಹೊತ್ತಿನಲ್ಲಿ ಕೂಸು ಪಕ್ಕೆಗೆ ಒದೆಯಿತು.

ಸಂತೋಷಕ್ಕಿಂತ ಮೊದಲು ಬಂದದ್ದು ಹೆದರಿಕೆ. ಬೆಳೆಯಿತೇ? ಆ ಒಂದು ಉಂಡಿಗೇ ಬೆಳೆದುಬಿಟ್ಟಿತೇ? ಅಂದಿನಿಂದ ದಿನಾ ಮಲಗುವಾಗ ಗೇಣು ಹಾಕಿ ಹೊಟ್ಟೆ ಅಳೆಯತೊಡಗಿದಳು. ಅಳೆದು ಬೆವರುತ್ತಿದ್ದಳು. ಆದರೂ ಮರುದಿನ ಮತ್ತೆ ತಿನ್ನುತ್ತಿದ್ದಳು. ಮಿಡತೆಗಳಿಗೆ ಸೋಸಿ ಬಿಟ್ಟ ಮೆಂತೆಯ ದಂಟು ಹಾಕಿ ಅರಿವೆ ಕಟ್ಟುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅತ್ತೆಯ ಸೊಂಟದ ಕೀಲಿಕೈಗಳು ಝಲ್ಲೆಂದರೆ ಇವಳ ಎದೆ ಝಲ್ಲೆನ್ನುತ್ತಿತ್ತು. ಅದಕ್ಕಿಂತ ಹೆಚ್ಚು ಭಯ ಗಡಿಗೆಯದು. ಮೊದಲು ಉಂಡು ಸುಮ್ಮನಿರುತ್ತಿದ್ದ ಮಿಡತೆಗಳು ಈಗ ಹಗಲೆಲ್ಲ ಕೆರೆಯುತ್ತಿದ್ದವು. ಅರಿವೆಯ ಅಂಚು ಕಡಿದು ತೂತು ಮಾಡಿದವು. ಒಂದು ದಿನ ಒಳಗೆ ನೋಡಿದರೆ ಎರಡು ಮಿಡತೆಗೆ ಹಿಂಗಾಲೇ ಇರಲಿಲ್ಲ, ಉಳಿದವು ತಿಂದಿದ್ದವು. ಇಂದುಬಾಯಿ ಗಡಿಗೆ ಮುಚ್ಚಿ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು. ತಿಂದದ್ದು ಹೋಯಿತಲ್ಲ ಎಂದು ಅದಕ್ಕೂ ಅತ್ತಳು.

ಸಾವ್ಕಾರನ ಕೆಂಪು ಮಾಸಿದ್ದನ್ನು ಮೊದಲು ಕಂಡವನು ಚಂದಪ್ಪ. ಪಟ್ಟೆಗಳು ಹಳೆಯ ಇಟ್ಟಿಗೆಯ ಬಣ್ಣಕ್ಕೆ ಇಳಿದಿದ್ದವು, ಮೀನು ಮೂಲೆಯಲ್ಲಿ ಓರೆಯಾಗಿ ನಿಂತಿತ್ತು. ಮೀನಿನ ಬಣ್ಣ ಮಾಸಿದ್ದು ಅಷ್ಟು ದೂರದಿಂದ ಕಂಡ ಗಂಡನಿಗೆ ಪಕ್ಕದಲ್ಲಿ ಮಲಗುವ ಹೆಂಡತಿಯ ಬಣ್ಣ ಕಂಡಿರಲಿಲ್ಲ. ಒಳ್ಳೆಯವನೇ, ಕೈ ಎತ್ತಿದವನಲ್ಲ. ಆದರೆ ಬಾಣಂತಿ ಬಸುರಿಯರ ಮಾತು ಅವ್ವನದು, ತನ್ನದಲ್ಲ ಎಂದು ತಿಳಿದ ಗಂಡಸು.

"ಅವ್ವಾ, ಸಾವ್ಕಾರಗ ಏನೋ ಆಗೈತಿ ನೋಡಬಾ," ಎಂದು ಕೂಗಿದ.

ಸುಮಿತ್ರಾಬಾಯಿ ಬಂದಳು. ಮೀನನ್ನು ಒಂದು ಸಲ ನೋಡಿದಳು. ಆಮೇಲೆ ಬಹಳ ಹೊತ್ತು ಸೊಸೆಯನ್ನು ನೋಡಿದಳು.

"ಆಗೂ ಹಿಂಗ ಆಗಿತ್ತು," ಎಂದಳು ಮೆಲ್ಲಗೆ. "ಶೇವಂತಿಗೆ ಆರು ತಿಂಗಳಿದ್ದಾಗ ಮೀನು ಹಿಂಗ ಬಾಡಿತ್ತು. ಹುಡುಕಿದ್ರ, ಹುಳದ ಉಂಡಿ ಗಡಿಗಿಗೆ ಬಿದ್ದಿದ್ದಿಲ್ಲ, ಕೇಳಿದ್ರ ಆಕಿ ತಲಿ ಬಗ್ಗಿಸಿದಳು. ಅವತ್ತ ಪೆಟಿಗಿಗೆ ಕೀಲಿ ಹಾಕಿದ್ನಿ, ಗಡಿಗಿಗೆ ನಾನ ಉಣಿಸಿದ್ನಿ. ತಡಾ ಆಗಿತ್ತು. ಕೂಸು ಬೆಳದು ಬಿಟ್ಟಿತ್ತು." ಸೊಸೆಯ ಹತ್ತಿರ ಬಂದಳು. "ನೀ ಮಾತು ಕೇಳಾಕಿ ಅಂತ ನಿನ್ನ ಕೈಯಾಗ ಉಂಡಿ ಕೊಟ್ಟೇನಿ ಇಂದವ್ವ, ನೀ ಏನರ..."

"ಇಲ್ರೀ ಅತ್ತಿ," ಎಂದಳು ಇಂದುಬಾಯಿ. ಸುಳ್ಳು ಅಷ್ಟು ಬೇಗ ಬಾಯಿಗೆ ಬಂದದ್ದಕ್ಕೆ ಅವಳಿಗೇ ದಿಗಿಲಾಯಿತು.

ಸುಮಿತ್ರಾಬಾಯಿ ಇಬ್ರಾಹಿಂಸಾಬನಿಗೆ ಹೇಳಿ ಕಳಿಸಿದಳು, ಬಂದು ಗಡಿಗೆ ನೋಡಿ ಹೋಗು ಎಂದು. ಚಂದಪ್ಪ ಮರುದಿನ ಅಂಗಡಿಯ ಕಡೆ ಹೋಗಲಿಲ್ಲ. ಗಾಜಿನ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡು, ಬೇನೆಬಿದ್ದ ಹಿರಿಯರ ಹತ್ತಿರ ಕೂತಂತೆ ಕೂತ.

ಆ ಮಧ್ಯಾಹ್ನ ಉಂಡಿ ಕೈಗೆ ಬಂದಾಗ ಇಂದುಬಾಯಿ ಹಿಂದಿನ ಪಡಸಾಲೆಗೆ ಹೋಗಿ ನಿಂತಳು. ತಿಂದರೆ ಬಾಯಿ ವಾಸನೆ ಹಿಡಿದು ಕೊಟ್ಟೀತು. ಗಡಿಗೆಗೆ ಹಾಕಿದರೆ ಕೂಸಿಗೆ ಇಲ್ಲ. ಇಂದಿನ ಮಟ್ಟಿಗೆ ಮುಚ್ಚಿಟ್ಟು ಎಲ್ಲರೂ ಮಲಗಿದ ಮೇಲೆ ತಿಂದರಾಯಿತು ಎಂದು ಜಾಗ ಹುಡುಕಿದಳು. ಗಡಿಗೆಯಿದ್ದ ಮಾಡದ ಹಿಂಬದಿಯಲ್ಲಿ ಒಂದು ಕಲ್ಲು ಸಡಿಲಿತ್ತು. ಎಳೆದಳು, ಬಂತು. ಒಳಗೆ ಕೈ ಹಾಕಿದಳು. ತಣ್ಣಗೆ ಏನೋ ಬೆರಳಿಗೆ ತಾಗಿತು.

ಹಾವೆಂದು ಕೈ ಎಳೆದುಕೊಂಡು ಗೋಡೆಗೆ ಅಂಟಿ ನಿಂತಳು. ಏನೂ ಹೊರಗೆ ಬರಲಿಲ್ಲ. ಧೈರ್ಯ ಮಾಡಿ ಮತ್ತೆ ಬಗ್ಗಿ ನೋಡಿದಳು. ಮುಖಕ್ಕೆ ಹಚ್ಚಿಕೊಳ್ಳುವ ಸ್ನೋದ ಬಿಳಿ ಗಾಜಿನ ಬಾಟಲಿ, ದೊಡ್ಡದು, ಅಗಲ ಬಾಯಿಯದು, ತಗಡಿನ ಮುಚ್ಚಳ ಬಿಗಿಯಾಗಿ ತಿರುಗಿಸಿತ್ತು. ಈ ಮನೆಯಲ್ಲಿ ಸ್ನೋ ಹಚ್ಚುವವರು ಯಾರೂ ಇರಲಿಲ್ಲ, ಈಗ. ಸೆರಗಿನಲ್ಲಿ ಹಿಡಿದು ಮುಚ್ಚಳ ತಿರುಗಿಸಿದಳು.

ಒಳಗೆ ಬಾಯಿಯ ತನಕ ಉಂಡಿಗಳಿದ್ದವು. ಒಣಗಿ ಕಪ್ಪಾಗಿ ಕಲ್ಲಿನಂತೆ ಗಟ್ಟಿಯಾಗಿದ್ದವು, ಒಂದಕ್ಕೊಂದು ಅಂಟಿದ್ದವು. ಪ್ರತಿಯೊಂದರ ಮೇಲೂ ನಾಲ್ಕು ಬೆರಳಿನ ಅಚ್ಚು. ಎಲ್ಲಕ್ಕಿಂತ ಮೇಲಿನದರ ಅಂಚಿನಲ್ಲಿ ಮಾತ್ರ ಹಲ್ಲಿನ ಗುರುತು. ಕಚ್ಚಿ, ಹರಿಯದೆ, ಹಾಗೇ ಬಿಟ್ಟ ಗುರುತು.

ಇಂದುಬಾಯಿ ಅಲ್ಲೇ ಕುಸಿದು ಕೂತಳು. ಅವಳಿಗೆ ಎಲ್ಲ ಅರ್ಥವಾಯಿತು. ಶೇವಂತೆವ್ವ ಇಲ್ಲೇ, ಈ ನೆಲದ ಮೇಲೇ ಕೂತಿದ್ದಳು. ಹಸಿವು ತಡೆಯಲಾರದೆ ಉಂಡಿ ಕದ್ದಿದ್ದಳು, ಬಾಯಿಯ ತನಕ ಒಯ್ದಿದ್ದಳು. ಕೂಸು ಬೆಳೆದು ಹಾದಿ ಕಟ್ಟತೈತಿ ಎಂಬ ಅತ್ತೆಯ ಮಾತು ನೆನಪಾಗಿ ಹೆದರಿ, ಬಾಯಿ ಮುಚ್ಚಿಕೊಂಡಿದ್ದಳು. ನಾಳೆ ತಿನ್ನುತ್ತೇನೆ ಎಂದು ಬಾಟಲಿಯಲ್ಲಿ ಇಟ್ಟಿದ್ದಳು. ಮರುದಿನ ಮತ್ತೆ ಹಾಗೇ. ಕದ್ದಳು, ತಿನ್ನಲಿಲ್ಲ. ತಿಂದು ಸತ್ತವಳಲ್ಲ ಅವಳು, ಬಾಟಲಿ ತುಂಬ ಊಟ ಇಟ್ಟುಕೊಂಡು ಹಸಿದು ಸತ್ತವಳು. ತಾನೂ ಈಗ ಇನ್ನೇನು ಉಂಡಿಯನ್ನು ಅದೇ ಬಿಲದೊಳಗೆ ಇಡುವವಳಿದ್ದೆ ಎಂದು ಹೊಳೆದು ಇಂದುಬಾಯಿಯ ರೋಮ ನಿಂತವು.

ಅವಳು ಕೈಯಲ್ಲಿದ್ದ ಉಂಡಿಯನ್ನು ಬಾಯಿಗೆ ತುರುಕಿಕೊಂಡಳು. ಅಗಿಯಲು ಆಗದಷ್ಟು ತುರುಕಿಕೊಂಡಳು. ಅಷ್ಟರಲ್ಲಿ ಕೀಲಿಕೈಗಳ ಝಲ್ ಝಲ್ ಕೇಳಿಸಿತು, ಜೊತೆಗೆ ಇಬ್ರಾಹಿಂಸಾಬನ ಕೆಮ್ಮು. ಬಾಟಲಿಯನ್ನು ಒಳಗೆ ತಳ್ಳಿ ಕಲ್ಲು ಒತ್ತಿ ಎದ್ದು ನಿಂತಳು. ಉಂಡಿ ಇನ್ನೂ ಬಾಯಲ್ಲೇ ಇತ್ತು.

ಇಬ್ರಾಹಿಂಸಾಬ ಗಡಿಗೆಯ ಅರಿವೆ ಬಿಚ್ಚಿ, ಕೈ ಹಾಕಿ ಒಂದು ಮಿಡತೆ ಹಿಡಿದ. ಹೆಬ್ಬೆರಳಿನಿಂದ ಅದರ ಹೊಟ್ಟೆಯನ್ನು ಮೆಲ್ಲಗೆ ಒತ್ತಿ ನೋಡಿದ. "ಖಾಲಿ ಚೀಲ ಐತ್ರೀ ಬಾಯಾರ," ಎಂದ. "ಬರೇ ದಂಟಿನ ನೀರು. ಇವಕ್ಕ ಕಾಳು ಬಿದ್ದು ಭಾಳ ದಿನ ಆಗ್ಯಾವ."

"ದಿನಾ ಉಂಡಿ ಕೊಟ್ಟೇನಲ್ಲ! ಎಲ್ಲಿ ಹೋತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಇಂದುಬಾಯಿಯ ಕೈ ತಾನಾಗಿ ಬಾಯಿಗೆ ಹೋಯಿತು. ಮುದುಕ ಅದನ್ನು ಕಂಡ. ಅವಳ ಬಿಳಿಚಿದ ಉಗುರನ್ನೂ, ಬಳೆ ಮೊಳಕೈತನಕ ಜಾರುವ ಮುಂಗೈಯನ್ನೂ ಕಂಡ. ಹೆಣ್ಣುಮಕ್ಕಳನ್ನು ಹೆತ್ತು ಮದುವೆ ಮಾಡಿಕೊಟ್ಟವನಿಗೆ ಹೆಚ್ಚು ಹೇಳಬೇಕಾಗಿರಲಿಲ್ಲ.

"ಇರುವಿ ಒಯ್ದಿರಬೇಕ್ರಿ," ಎಂದ ಕೆಳಗೆ ನೋಡುತ್ತ. "ಶ್ರಾವಣದಾಗ ಇರುವಿ ಭಾಳ. ನಾ ಬರ್ತೇನ್ರಿ, ಮಷೀನು ಹಂಗ ಬಿಟ್ಟು ಬಂದೇನಿ." ಹೋಗುವ ಮುಂದೆ ಒಂದು ಗಳಿಗೆ ನಿಂತ. "ತಂಗೆವ್ವ ಸೊರಗ್ಯಾಳ್ರಿ ಬಾಯಾರ," ಎಂದವನೇ ಚಪ್ಪಲಿ ಮೆಟ್ಟಿ ಹೊರಟುಹೋದ.

ಸುಮಿತ್ರಾಬಾಯಿಗೆ ಆ ಮಾತು ಕೇಳಿಸಿತೋ ಇಲ್ಲವೋ. ಅವಳು ಸೊಸೆಯ ಉಬ್ಬಿದ ಗಲ್ಲ ನೋಡುತ್ತಿದ್ದಳು. ಒಮ್ಮೆಲೇ ಬಂದು ಇಂದುಬಾಯಿಯ ದವಡೆ ಹಿಡಿದಳು, ಇನ್ನೊಂದು ಕೈಯ ಬೆರಳನ್ನು ಬಾಯೊಳಗೆ ಹಾಕಿದಳು.

"ಉಗುಳು! ಉಗುಳ್ತಿಯೋ ಇಲ್ಲೋ! ನಿನ್ನೂ ಒಯ್ಯತೈತಿ ಅದು! ಇನ್ನೊಂದು ಹೆಣಾ ಹೊರಸಬ್ಯಾಡ ನನ್ನ ಕಡಿಂದ, ಉಗುಳು ನನ್ನವ್ವ!"

ಇಂದುಬಾಯಿ ಅತ್ತೆಯ ಮುಖವನ್ನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಸಿಟ್ಟು ಇರಬೇಕಾದಲ್ಲಿ ಬರೀ ಭಯ ಇತ್ತು. ಕಣ್ಣು, ತುಟಿ, ಗದ್ದ ಎಲ್ಲ ಹೆದರಿ ನಡ ನಡ ನಡುಗುತ್ತಿದ್ದವು. ಬಾಗಿಲ ಸಂದಿಯಲ್ಲಿ ನಿಂತ ಹತ್ತು ವರ್ಷದ ಹುಡುಗಿ ಈ ಮುದುಕಿಯೊಳಗಿಂದ ಇನ್ನೂ ಹೊರಗೆ ಬಂದಿರಲಿಲ್ಲ. ಇಂದುಬಾಯಿ ಅತ್ತೆಯ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು. ಬಾಯಲ್ಲಿದ್ದುದನ್ನು ಅಗಿದಳು, ನುಂಗಿದಳು. ತಿರುಗಿ ಮಾಡದ ಕಲ್ಲು ಎಳೆದು, ಸ್ನೋದ ಬಾಟಲಿಯನ್ನು ತೆಗೆದು ಅತ್ತೆಯ ಕೈಯಲ್ಲಿಟ್ಟಳು.

"ಇದು ಶೇವಂತೀದು," ಎಂದಳು ಸುಮಿತ್ರಾಬಾಯಿ ಗಾಬರಿಯಿಂದ. "ಚಂದ್ಯಾ ಸೊಲ್ಲಾಪುರದಿಂದ ತಂದುಕೊಟ್ಟಿದ್ದ. ಕಳದೈತಿ ಅಂದಿದ್ದಳು. ಎಲ್ಲಿತ್ತು ಇದು?"

"ತಗದು ನೋಡ್ರಿ."

ಸುಮಿತ್ರಾಬಾಯಿ ಮುಚ್ಚಳ ತೆಗೆದಳು. ಬಾಟಲಿಯನ್ನು ಬೆಳಕಿಗೆ ಹಿಡಿದಳು. ಏನೆಂದು ತಿಳಿಯದೆ ಒಳಗೆ ಬೆರಳು ಹಾಕಿ ಮೇಲಿನ ಉಂಡಿಯನ್ನು ಕಿತ್ತು ತೆಗೆದಳು. ಅಂಗೈಯಲ್ಲಿ ಹೊರಳಿಸಿದಳು. ಅವಳ ಬೆರಳುಗಳು ತಾವಾಗಿಯೇ ಆ ನಾಲ್ಕು ಅಚ್ಚಿನೊಳಗೆ ಹೋಗಿ ಕೂತವು. ಸರಿಯಾಗಿ ಕೂತವು.

"ಆಕಿ ಕದ್ದಿದ್ದಳ್ರಿ ಅತ್ತಿ. ತಿಂದಿದ್ದಿಲ್ಲ," ಎಂದಳು ಇಂದುಬಾಯಿ. "ನಿಮ್ಮ ಮಾತು ಕೇಳ್ಯಾಳ್ರಿ. ಕೇಳೇ ಸತ್ತಾಳ್ರಿ. ನಾ ಮಾತ್ರ ತಿಂದೇನಿ. ದಿನಾ ತಿಂದೇನಿ. ತಿಂದ ದಿನ ಕೂಸು ಮಿಸುಕತೈತ್ರಿ. ಹುಳಾ ಖಾಲಿ ಇದ್ರ ಮೀನು ಬಾಡತೈತಿ ಅಂತ ನಿಮಗ ಗೊತ್ತೈತಿ. ನಾ ಖಾಲಿ ಇದ್ರ?"

ಸುಮಿತ್ರಾಬಾಯಿ ಗೋಡೆಗೆ ಬೆನ್ನು ಜಾರಿಸುತ್ತ ನೆಲಕ್ಕೆ ಕೂತಳು. ಬಾಟಲಿಯನ್ನು ಉಡಿಯಲ್ಲಿ ಬೋರಲು ಹಾಕಿ ಬಡಿದಳು. ಅಂಟಿದ ಉಂಡಿಗಳು ಒಂದೊಂದಾಗಿ ಕಳಚಿ ಬಿದ್ದವು. ಪ್ರತಿಯೊಂದನ್ನೂ ಎತ್ತಿ ತಿರುಗಿಸಿ, ಎಲ್ಲಾದರೂ ಚೂರು ಕಡಿದು ತಿಂದ ಗುರುತಿದೆಯೇ ಎಂದು ನೋಡಿದಳು. ಇರಲಿ ಎಂದು ಬೇಡಿಕೊಳ್ಳುವವಳಂತೆ ನೋಡಿದಳು. ಇರಲಿಲ್ಲ.

"ಶೇವಂತಿ ಹೆರಿಗಿ ದಿನ ನರ್ಸಬಾಯಿ ಹೇಳಿದ್ದಳು," ಎಂದಳು. "ಮೈಯಾಗ ರಕ್ತನ ಇಲ್ಲ ಈ ಹುಡುಗಿಗೆ, ಕೂಸಿನ್ನ ಹೊರಗ ದಬ್ಬಾಕ ತ್ರಾಣ ಇಲ್ಲ ಅಂತ. ನಾ ನಂಬಲಿಲ್ಲ. ಕದ್ದು ತಿಂದಾಕಿಗೆ ರಕ್ತ ಯಾಕ ಇರೂದಿಲ್ಲ ಅಂತ ಆಕಿ ಜೋಡಿ ಜಗಳಾಡಿದ್ನಿ." ಹಲ್ಲಿನ ಗುರುತಿದ್ದ ಉಂಡಿಯ ಮೇಲೆ ಹೆಬ್ಬೆರಳು ಆಡಿಸಿದಳು. "ಒಂದೂ ಉಂಡಿಲ್ಲ. ಹುಳಕ್ಕ ಉಣಿಸಿ ಕಳಸಾಕಿ ನಾ, ನನ್ನ ಮಗಳನ್ನ ಹಸದು ಕಳಿಸಿದ್ನಿ."

ಶೇವಂತೆವ್ವನನ್ನು ಅವಳು ಮಗಳು ಎಂದದ್ದನ್ನು ಇಂದುಬಾಯಿ ಅಲ್ಲಿಯವರೆಗೆ ಕೇಳಿರಲಿಲ್ಲ. ಸಮಾಧಾನ ಮಾಡಬೇಕೆನಿಸಿ ಹತ್ತಿರ ಹೋಗಿ ಕೂತಳು. ಸುಮಿತ್ರಾಬಾಯಿ ಸೊಂಟಕ್ಕೆ ಕೈ ಹಾಕಿ ಪೆಟ್ಟಿಗೆಯ ಕೀಲಿಕೈಯನ್ನು ಗೊಂಚಲಿನಿಂದ ಬಿಡಿಸಲು ನೋಡಿದಳು. ಬಿಡಿಸಲಾಗಲಿಲ್ಲ. ಕೊನೆಗೆ ಇಡೀ ಗೊಂಚಲನ್ನೇ ಕಿತ್ತು ಸೊಸೆಯ ಉಡಿಗೆ ಹಾಕಿದಳು. ಆಮೇಲೆ ಹೆದರುತ್ತ ಹೆದರುತ್ತ, ಮುಟ್ಟಬಹುದೋ ಇಲ್ಲವೋ ಎಂಬಂತೆ, ಇಂದುಬಾಯಿಯ ಹೊಟ್ಟೆಯ ಮೇಲೆ ಅಂಗೈಯಿಟ್ಟಳು.

"ಮಿಸುಕತೈತೇನು?"

"ಈಗ ಉಂಡೇನಲ್ರಿ. ತಡೀರಿ."

ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಗಡಿಗೆಯಲ್ಲಿ ಮಿಡತೆಗಳು ಕೆರೆಯುತ್ತಿದ್ದವು. ಒಳಗಿನಿಂದ ಒಂದು ಸಣ್ಣ ಹಿಮ್ಮಡಿ ಮುದುಕಿಯ ಅಂಗೈಗೆ ಬಡಿಯಿತು. ಸುಮಿತ್ರಾಬಾಯಿ ಬೆಂಕಿ ಮುಟ್ಟಿದವಳಂತೆ ಕೈ ತೆಗೆದು, ಮತ್ತೆ ಅಲ್ಲೇ ಇಟ್ಟಳು. ಹೆದರಿಕೆ ಹೋಗಿರಲಿಲ್ಲ, ಇಬ್ಬರದೂ. ಹೆರಿಗೆ ಇನ್ನೂ ಮುಂದಿತ್ತು. ಆದರೂ ಅವಳು ಗೋಡೆ ಹಿಡಿದು ಎದ್ದಳು, ಸೊಸೆಯನ್ನೂ ಎಬ್ಬಿಸಿ ಅಡಿಗೆಮನೆಗೆ ಕರೆದೊಯ್ದಳು, ಮಣೆ ಹಾಕಿ ಕೂರಿಸಿದಳು. ಒಂದು ಇಡೀ ರೊಟ್ಟಿ ಬಡಿಸಿದಳು, ಅದರ ಮೇಲೆ ಇನ್ನೊಂದು. ಬೆಣ್ಣೆ ಹಾಕುವಾಗ ಅವಳ ಕಣ್ಣೀರು ತಾಟಿನ ಅಂಚಿಗೆ ಬಿತ್ತು.

ಅಷ್ಟರಲ್ಲಿ ಮುಂದಿನ ಪಡಸಾಲೆಯಿಂದ ಚಂದಪ್ಪ ಕೂಗಿದ: "ಅವ್ವಾ, ಸಾವ್ಕಾರ ಉಪವಾಸ ಅದಾನಲ್ಲ, ಅವನ ಊಟ ಎಲ್ಲಿ?"

ಸುಮಿತ್ರಾಬಾಯಿ ಸೊಸೆಯ ತಾಟಿನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಸಾವ್ಕಾರಗ ತಡಿಯಾಕ ಹೇಳು," ಎಂದಳು. "ಮನಿಯಾಗಿನವರದು ಇನ್ನೂ ಊಟ ಆಗಿಲ್ಲ."